ಚಿಪ್ಪು ತೆಗೆಯುವ ವಿಧಾನ ಮತ್ತು ಅಳಿವೆಯ ಮೀನುಗಾರಿಕೆ

ಮುಂಗಾರು ಹಿಡಿಯುವ ಹೊತ್ತಿಗೆ ಹೊಳೆಹೊನ್ನೂರು ಸುತ್ತಿನ ಅಡಕೆ ತೋಟಗಳಲ್ಲಿ ಕೊಳೆರೋಗದ ಔಷಧಿಗೆ ಸಿದ್ಧತೆ ನಡೆಯುತ್ತದೆ. ಶೇಕಡಾ ಒಂದರ ಬೋರ್ಡೋ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು ಎಂಬ ಲೆಕ್ಕ ಎಲ್ಲರಿಗೂ ಬಾಯಿಪಾಠ. ಮೈಲುತುತ್ತದ ಬೆಲೆಯನ್ನು ರೈತರು ನಾಲ್ಕು ಅಂಗಡಿಗಳಲ್ಲಿ ವಿಚಾರಿಸುತ್ತಾರೆ. ಸುಣ್ಣ ಎಲ್ಲಿಂದ ಬಂತು ಎಂದು ಕೇಳುವವರು ಕಡಿಮೆ. ಕಲ್ಲುಸುಣ್ಣಕ್ಕಿಂತ ಚಿಪ್ಪುಸುಣ್ಣ ಶುದ್ಧ, ನೀರು ಬಿದ್ದೊಡನೆ ಚೆನ್ನಾಗಿ ಅರಳುತ್ತದೆ ಎಂಬ ನಂಬಿಕೆ ಮಲೆನಾಡಿನಲ್ಲಿ ಹಿಂದಿನಿಂದಲೂ ಇದೆ. ಎಲೆ ಅಡಕೆಗಂತೂ ಅದೇ ಆಗಬೇಕೆನ್ನುವವರಿದ್ದಾರೆ. ಕೋಳಿ ಸಾಕುವವರು ಮೊಟ್ಟೆಯ ಸಿಪ್ಪೆ ಗಟ್ಟಿಯಾಗಲೆಂದು ಆಹಾರಕ್ಕೆ ಬೆರೆಸುವ ಚಿಪ್ಪಿನ ನುಚ್ಚೂ ಇದೇ ಮೂಲದ್ದು.

ಕೂಡ್ಲಿಯಲ್ಲಿ ತುಂಗೆ ಭದ್ರೆಯರು ಕೂಡಿದ ಮೇಲೆ ಹೊಳೆ ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಹೊಳೆಹೊನ್ನೂರಿನ ನೀರು ಕುಮಟೆಯ ಕಡಲನ್ನು ಕಾಣುವುದೇ ಇಲ್ಲ. ಆದರೆ ಚಿಪ್ಪಿನ ಚೀಲ ಪಶ್ಚಿಮದಿಂದ ಘಟ್ಟ ಹತ್ತಿ ಬರುತ್ತದೆ. ಆ ಚೀಲ ತುಂಬಲು ಅಳಿವೆಯಲ್ಲಿ ಏನು ನಡೆಯುತ್ತದೆ, ಚಿಪ್ಪನ್ನು ತೆಗೆಯುವ ರೀತಿಯಿಂದ ಅಲ್ಲಿನ ಮೀನು, ಸಿಗಡಿ, ಏಡಿಗಳಿಗೆ ಮತ್ತು ಅವುಗಳನ್ನು ನಂಬಿದ ಜನರಿಗೆ ಏನಾಗುತ್ತದೆ ಎಂಬುದನ್ನು ಕೊಳ್ಳುವವರೂ ತಿಳಿದಿರುವುದು ಒಳ್ಳೆಯದು.

ಅಳಿವೆಯ ಚಿಪ್ಪುಜೀವಿಗಳು

ನದಿಯ ಸಿಹಿನೀರು ಮತ್ತು ಸಮುದ್ರದ ಉಪ್ಪುನೀರು ಕೂಡುವ ಜಾಗವನ್ನು ಅಳಿವೆ ಎನ್ನುತ್ತೇವೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಗಂಗೊಳ್ಳಿ, ಮೂಲ್ಕಿ ಹೀಗೆ ಕರ್ನಾಟಕದ ಕರಾವಳಿಯುದ್ದಕ್ಕೂ ಅಳಿವೆಗಳಿವೆ. ಎರಡು ಚಿಪ್ಪುಗಳ ನಡುವೆ ಬದುಕುವ ಮೃದ್ವಂಗಿಗಳು ಇಲ್ಲಿ ಹೇರಳ. ಇವುಗಳಲ್ಲಿ ಎರಡು ಗುಂಪುಗಳನ್ನು ಬೇರ್ಪಡಿಸಿ ನೋಡುವುದು ಅಗತ್ಯ. ಮೊದಲನೆಯದು ಕೆಸರು ಮರಳಿನೊಳಗೆ ಹುದುಗಿ ಬಾಳುವ ಗುಂಪು. ಉತ್ತರ ಕನ್ನಡದವರು ಇದನ್ನು ಬಳಚು ಎಂದೂ ಬೆಳಚು ಎಂದೂ ಕರೆಯುತ್ತಾರೆ. ದಕ್ಷಿಣಕ್ಕೆ ಹೋದರೆ ಮರುವಾಯಿ. ಎರಡನೆಯದು ಸಿಂಪಿ. ಕರಾವಳಿಯಲ್ಲಿ ಕಲ್ವಾ ಎನ್ನುವುದುಂಟು. ಇದು ಬಂಡೆಗೋ, ಸೇತುವೆಯ ಕಂಬಕ್ಕೋ, ಇನ್ನೊಂದು ಸಿಂಪಿಯ ಬೆನ್ನಿಗೋ ಸಿಮೆಂಟು ಹಾಕಿದಂತೆ ಅಂಟಿಕೊಂಡು ಜೀವಮಾನವಿಡೀ ಅಲ್ಲೇ ಇರುತ್ತದೆ. ಬಳಚಿಗೆ ಸ್ವಲ್ಪವಾದರೂ ಅತ್ತಿತ್ತ ಸರಿಯುವ ಶಕ್ತಿ ಇದೆ, ಸಿಂಪಿಗೆ ಅದೂ ಇಲ್ಲ.

ಇವುಗಳಲ್ಲಿ ಯಾವುದಕ್ಕೂ ಮೇವು ಹಾಕಬೇಕಾಗಿಲ್ಲ. ನೀರನ್ನು ಒಳಗೆ ಎಳೆದು, ಅದರಲ್ಲಿ ತೇಲುವ ಸೂಕ್ಷ್ಮ ಪಾಚಿಗಳನ್ನು ಸೋಸಿಕೊಂಡು ಉಳಿದ ನೀರನ್ನು ಹೊರಗೆ ಬಿಡುತ್ತವೆ. ಅಮೆರಿಕದ ಪೂರ್ವ ತೀರದ ಜಾತಿಯ ಒಂದು ದೊಡ್ಡ ಸಿಂಪಿ ಅನುಕೂಲ ಪರಿಸ್ಥಿತಿಯಲ್ಲಿ ದಿನಕ್ಕೆ 190 ಲೀಟರಿನವರೆಗೂ ನೀರು ಸೋಸಬಲ್ಲದು. ಸೋಸಿದ ಮಣ್ಣಿನ ಕಣಗಳು ಲೋಳೆಯಲ್ಲಿ ಸುತ್ತಿಕೊಂಡು ತಳಕ್ಕೆ ಬೀಳುವುದರಿಂದ ನೀರು ತಿಳಿಯಾಗಿ ಬಿಸಿಲು ಒಳಗೆ ಇಳಿಯುತ್ತದೆ. ಹೊಲಗಳಿಂದ ಹರಿದು ಬಂದ ಸಾರಜನಕವನ್ನು ಉಂಡು ಬೆಳೆದ ಪಾಚಿಯೂ ಈ ಮೂಲಕ ಕಡಿಮೆಯಾಗುತ್ತದೆ.

ಬೆಳೆಯೂ ಅದೇ, ಹೊಲವೂ ಅದೇ

ಸಿಂಪಿಯ ಸಂತಾನಾಭಿವೃದ್ಧಿಯ ಕ್ರಮ ತಿಳಿದರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ. ಹೆಣ್ಣು ಲಕ್ಷಗಟ್ಟಲೆ, ದೊಡ್ಡದಾದರೆ ಕೋಟಿಯವರೆಗೂ ಮೊಟ್ಟೆಗಳನ್ನು ನೀರಿಗೇ ಬಿಡುತ್ತದೆ. ಅಲ್ಲಿಯೇ ಗರ್ಭ ಕಟ್ಟಿ, ಹುಟ್ಟಿದ ಮರಿಗಳು ಎರಡು ಮೂರು ವಾರ ನೀರಿನಲ್ಲಿ ತೇಲಾಡುತ್ತವೆ. ಬಳಿಕ ಪ್ರತಿ ಮರಿಗೂ ಒಂದು ಗಟ್ಟಿ ನೆಲೆ ಬೇಕು. ಸಿಕ್ಕಿದರೆ ಅಂಟಿಕೊಂಡು ಚಿಪ್ಪು ಕಟ್ಟಲು ಮೊದಲಿಡುತ್ತದೆ. ಸಿಗದಿದ್ದರೆ ಕೆಸರಿನಲ್ಲಿ ಬಿದ್ದು ಉಸಿರು ಕಟ್ಟಿ ಸಾಯುತ್ತದೆ. ಕೆಸರೇ ಹಾಸಿರುವ ಅಳಿವೆಯಲ್ಲಿ ಗಟ್ಟಿ ನೆಲೆಯೆಂದರೆ ಬಹುಮಟ್ಟಿಗೆ ಹಳೆಯ ಸಿಂಪಿಯ ಚಿಪ್ಪೇ. ಅಜ್ಜನ ಬೆನ್ನ ಮೇಲೆ ಅಪ್ಪ, ಅಪ್ಪನ ಬೆನ್ನ ಮೇಲೆ ಮಗ ಎಂಬಂತೆ ತಲೆಮಾರುಗಳು ಒಂದರ ಮೇಲೊಂದು ಕೂತು ದಿಬ್ಬವೇ ಏಳುತ್ತದೆ. ಸತ್ತ ಮೇಲೂ ಚಿಪ್ಪಿನ ಕೆಲಸ ಮುಗಿಯುವುದಿಲ್ಲ.

ಭತ್ತದ ರೈತ ತೆನೆ ಕೊಯ್ದರೆ ಗದ್ದೆ ಅಲ್ಲಿಯೇ ಇರುತ್ತದೆ. ಸಿಂಪಿಯನ್ನು ಬುಡಸಮೇತ ಕಿತ್ತರೆ ಬೆಳೆಯ ಜೊತೆಗೆ ಗದ್ದೆಯ ಮೇಲ್ಮಣ್ಣನ್ನೂ, ಮುಂದಿನ ವರ್ಷದ ಬಿತ್ತನೆಯ ಜಾಗವನ್ನೂ ಹೊತ್ತುಕೊಂಡು ಹೋದಂತಾಗುತ್ತದೆ. ಆದುದರಿಂದ ಎಷ್ಟು ತೆಗೆದರು ಎಂಬ ಪ್ರಶ್ನೆಯೊಂದೇ ಸಾಲದು. ಹೇಗೆ ತೆಗೆದರು, ತೆಗೆದ ಮೇಲೆ ಅಲ್ಲಿ ಏನು ಉಳಿಯಿತು ಎಂದೂ ಕೇಳಬೇಕಾಗುತ್ತದೆ.

ಈ ದಿಬ್ಬಗಳ ಸಂದುಗೊಂದುಗಳಲ್ಲಿ ಏಡಿ, ಸಿಗಡಿ, ಹುಳುಗಳು, ಮೀನಿನ ಮರಿಗಳು ಅಡಗಿಕೊಳ್ಳುತ್ತವೆ. ಅವುಗಳನ್ನು ತಿನ್ನಲು ದೊಡ್ಡ ಮೀನುಗಳು ಬರುತ್ತವೆ. ಅಲೆಯ ಹೊಡೆತವೂ ದಿಬ್ಬಕ್ಕೆ ತಾಗಿ ಕುಗ್ಗುವುದರಿಂದ ಹಿಂದಿನ ದಂಡೆ ಕೊರೆದು ಹೋಗುವುದು ಕಡಿಮೆ. ಸಿಂಪಿಯ ದಿಬ್ಬವನ್ನು ಒಂದು ಜಾತಿಯ ಪ್ರಾಣಿಯ ಗುಂಪು ಎಂದಷ್ಟೇ ನೋಡಬಾರದೆಂದು ಮೊದಲು ಸ್ಪಷ್ಟವಾಗಿ ಹೇಳಿದವನು ಜರ್ಮನಿಯ ಪ್ರಾಣಿಶಾಸ್ತ್ರಜ್ಞ ಕಾರ್ಲ್ ಮೋಬಿಯಸ್. ಉತ್ತರ ಜರ್ಮನಿಯ ಸಿಂಪಿ ನೆಲೆಗಳನ್ನು ಪರಿಶೀಲಿಸಿ ಆತ 1877ರಲ್ಲಿ ಬರೆದ ಪುಸ್ತಕದಲ್ಲಿ, ಒಂದು ನೆಲೆಯ ಎಲ್ಲ ಜೀವಿಗಳೂ ಪರಸ್ಪರ ಅವಲಂಬಿಸಿ ಒಂದು ಸಮುದಾಯವಾಗಿ ಬಾಳುತ್ತವೆ ಎಂದು ತೋರಿಸಿ ಅದಕ್ಕೊಂದು ಹೆಸರನ್ನೂ ಕೊಟ್ಟ. ಇಂದಿನ ಪರಿಸರ ವಿಜ್ಞಾನದ ಒಂದು ಮೂಲಭೂತ ಕಲ್ಪನೆ ಹುಟ್ಟಿದ್ದು ಹೀಗೆ, ಕಾಡಿನಲ್ಲಲ್ಲ, ಅತಿಯಾಗಿ ಬಳಿದು ತೆಗೆದ ಸಿಂಪಿಯ ಹಾಸಿನಲ್ಲಿ.

ಕೈಯಿಂದ ಆರಿಸುವ ಪದ್ಧತಿ

ಅಘನಾಶಿನಿ ನದಿ ಶಿರಸಿಯಲ್ಲಿ ಹುಟ್ಟಿ, ಘಟ್ಟ ಇಳಿದು, ಕುಮಟಾ ತಾಲ್ಲೂಕಿನ ತದಡಿಯ ಬಳಿ ಕಡಲು ಸೇರುತ್ತದೆ. ಇದಕ್ಕೆ ಅಡ್ಡಲಾಗಿ ದೊಡ್ಡ ಅಣೆಕಟ್ಟು ಇಲ್ಲ. ಇದರ ಅಳಿವೆಯ 4,801 ಹೆಕ್ಟೇರು ಪ್ರದೇಶ 2024ರ ಜನವರಿ ಕೊನೆಯಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿಗಳು 2008ರ ಸುಮಾರಿಗೆ ಮಾಡಿದ ಅಂದಾಜಿನಂತೆ ಈ ಒಂದೇ ಅಳಿವೆಯಿಂದ ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪುಜೀವಿಗಳನ್ನು ತೆಗೆಯಲಾಗುತ್ತಿತ್ತು. ಎರಡು ಸಾವಿರಕ್ಕೂ ಮೇಲ್ಪಟ್ಟು ಜನರಿಗೆ ಅದರಿಂದ ಕೆಲಸವಿತ್ತು. ಬಂಡವಾಳವೆಂದರೆ ಒಂದು ಬುಟ್ಟಿ, ಒಂದು ಕತ್ತಿ, ಹೆಚ್ಚೆಂದರೆ ಒಂದು ದೋಣಿ.

ಇಳಿತದ ಹೊತ್ತಿಗೆ ನೀರು ಸರಿದಾಗ ಹೆಂಗಸರು ಮರಳಿನ ದಿಬ್ಬಗಳಿಗೆ ಇಳಿದು ಕೈಯಿಂದ, ಕಾಲಿನ ಬೆರಳುಗಳಿಂದ ತಡವಿ ಬಳಚು ಆರಿಸುತ್ತಾರೆ. ಗಂಡಸರು ಆಳ ಇರುವಲ್ಲಿ ದೋಣಿಯಿಂದ ಮುಳುಗಿ ಬಾಚಿ ತರುತ್ತಾರೆ. ಸಿಂಪಿಗೆ ಉಳಿ ಸುತ್ತಿಗೆ ಬೇಕು. ಕೆಲವರು ಬಂಡೆಯ ಮೇಲಿದ್ದಂತೆಯೇ ಮೇಲಿನ ಚಿಪ್ಪನ್ನು ಎತ್ತಿ ಮಾಂಸವನ್ನಷ್ಟೇ ಬಿಡಿಸಿಕೊಂಡು ಕೆಳಗಿನ ಚಿಪ್ಪನ್ನು ಅಲ್ಲಿಯೇ ಬಿಡುತ್ತಾರೆ. ಹೊರೆ ಕಡಿಮೆಯಾಗಲಿ ಎಂಬುದು ಅವರ ಉದ್ದೇಶ. ಆದರೆ ಅಳಿವೆಗೆ ಇದಕ್ಕಿಂತ ಒಳ್ಳೆಯ ಕೊಯ್ಲು ಇನ್ನೊಂದಿಲ್ಲ. ಮುಂದಿನ ಮರಿಗೆ ನೆಲೆ ಹಾಗೆಯೇ ಉಳಿದಿರುತ್ತದೆ. ಕಾಲಿಗೆ ಚಿಪ್ಪಿನ ಅಲಗು ತಾಗಿ ಗಾಯವಾಗದ ಆರಿಸುವವರಿಲ್ಲ. ಇಡೀ ದಿನ ಸೊಂಟದವರೆಗೆ ಉಪ್ಪುನೀರಿನಲ್ಲಿ ನಿಂತು ಬಗ್ಗಿ ಮಾಡುವ ಕೆಲಸವಿದು ಎಂಬುದನ್ನು ಮಾರುಕಟ್ಟೆಯಲ್ಲಿ ಚೌಕಾಸಿ ಮಾಡುವವರು ನೆನೆದರೆ ಚೆನ್ನ.

ಕೈಯ ಕೆಲಸಕ್ಕೆ ತಾನಾಗಿಯೇ ಒಂದು ಮಿತಿ ಇದೆ. ದಿನಕ್ಕೆ ಎರಡು ಸಲ ಭರತ ಬಂದು ಬಾಗಿಲು ಮುಚ್ಚುತ್ತದೆ. ಆಳದ ಹಾಸುಗಳಿಗೆ ಕೈ ತಲುಪುವುದಿಲ್ಲ, ಅಲ್ಲಿಯ ತಾಯಿ ಚಿಪ್ಪುಗಳು ಬೀಜಕ್ಕೆ ಉಳಿಯುತ್ತವೆ. ಆರಿಸುವ ಕಣ್ಣಿಗೆ ಸಣ್ಣದು ದೊಡ್ಡದು ಗೊತ್ತಾಗುತ್ತದೆ. ಹಾಗೆಂದು ಕೈಯಿಂದ ಆರಿಸಿದ ಮಾತ್ರಕ್ಕೆ ತೊಂದರೆಯಿಲ್ಲ ಎಂದು ತಿಳಿಯಬಾರದು. ಕೊಳ್ಳುವವನು ಗಾತ್ರ ನೋಡದೆ ತೂಕಕ್ಕೆ ದುಡ್ಡು ಕೊಟ್ಟರೆ ಬೆರಳುಗುರಿನಷ್ಟು ಗಾತ್ರದ್ದೂ ಬುಟ್ಟಿಗೆ ಬೀಳುತ್ತದೆ. ಹೊರಗಿನ ಲಾರಿಗಳು ಬಂದು ನಿಂತಾಗ ಆರಿಸುವವರ ಸಂಖ್ಯೆ ಏರುತ್ತದೆ. ಗದ್ದೆಯಲ್ಲಿ ಬೀಜದ ಭತ್ತವನ್ನೂ ಕುಟ್ಟಿ ಉಂಡಂತೆ ಇದು. ಆದರೂ ಒಂದು ವ್ಯತ್ಯಾಸ ನೆನಪಿಡಬೇಕು. ಕೈಯಿಂದ ಅತಿಯಾಗಿ ಆರಿಸಿದ ಬಳಚಿನ ಮರಳುದಿಬ್ಬ ತಳ ಹಾಳಾಗದೆ ಉಳಿದಿರುವುದರಿಂದ, ಬಿಡುವು ಕೊಟ್ಟರೆ ಮತ್ತೆ ತುಂಬಿಕೊಳ್ಳುವ ಸಂಭವ ಇರುತ್ತದೆ. ತಳವೇ ಹಾಳಾದಾಗ ಬಿಡುವು ಕೊಟ್ಟರೂ ಫಲ ಕಾಣುವುದು ಕಷ್ಟ.

ತಳ ಗೋರುವ ಬಲೆ

ಕಬ್ಬಿಣದ ಚೌಕಟ್ಟಿಗೆ ಹಲ್ಲುಗಳನ್ನು ಕೂರಿಸಿ, ಹಿಂದೆ ಬಲೆಯ ಚೀಲ ಕಟ್ಟಿ, ದೋಣಿಯಿಂದ ಎಳೆಯುವ ಸಾಧನಕ್ಕೆ ಡ್ರೆಡ್ಜ್ ಎನ್ನುತ್ತಾರೆ. ಇಲ್ಲಿ ಗೋರುಬಲೆ ಎಂದು ಕರೆಯೋಣ. ಉದ್ದ ಕೋಲಿನ ತುದಿಗೆ ಕಟ್ಟಿ ಒಬ್ಬನೇ ಎಳೆಯುವ ಸಣ್ಣ ಗೋರುಬಲೆಯೂ ಇದೆ, ಯಂತ್ರದಿಂದ ಎಳೆಯುವ ಭಾರಿ ಗಾತ್ರದ್ದೂ ಇದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಮರದ ನೇಗಿಲಿಗೂ ಬುಲ್ಡೋಜರಿಗೂ ಇರುವ ಅಂತರ ಇಲ್ಲಿಯೂ ಇದೆ.

ಭಾರಿ ಗೋರುಬಲೆಯಿಂದ ಆಗುವ ಹಾನಿ ಮೂರು ಬಗೆಯದು. ಹಲ್ಲುಗಳು ದಿಬ್ಬದ ನೆತ್ತಿಯನ್ನು ಸವೆಸಿ ಸಮತಟ್ಟು ಮಾಡುತ್ತವೆ. ಕೆಸರು ಕದಡಿ ಮೇಲೆದ್ದು ಸುತ್ತಲಿನ ಎಳೆಯ ಸಿಂಪಿಗಳ ಮೇಲೆ ಕೂರುತ್ತದೆ. ಬಲೆಯಿಂದ ಜಾರಿದ, ಚಿಪ್ಪು ಒಡೆದ ಜೀವಿಗಳು ಏಡಿ ಮೀನುಗಳ ಬಾಯಿಗೆ ಬೀಳುತ್ತವೆ. ಇವುಗಳಲ್ಲಿ ಮೊದಲನೆಯದರ ತೀವ್ರತೆ ಬಹುಕಾಲ ಯಾರ ಗಮನಕ್ಕೂ ಬಂದಿರಲಿಲ್ಲ. ಅಮೆರಿಕದ ಉತ್ತರ ಕ್ಯಾರೋಲಿನಾ ರಾಜ್ಯದ ನ್ಯೂಸ್ ನದಿಯ ಅಳಿವೆಯಲ್ಲಿ ಲೆನಿಹಾನ್ ಮತ್ತು ಪೀಟರ್ಸನ್ ಎಂಬ ವಿಜ್ಞಾನಿಗಳು ನಡೆಸಿ 1998ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ಒಂದು ಸಂಗತಿ ಖಚಿತವಾಯಿತು. ಬೇಸಗೆಯಲ್ಲಿ ಅಳಿವೆಯ ತಳದ ನೀರಿನಲ್ಲಿ ಆಮ್ಲಜನಕ ತೀರಿಹೋಗುವುದುಂಟು. ಎತ್ತರದ ದಿಬ್ಬದ ನೆತ್ತಿಯ ಮೇಲಿನ ಸಿಂಪಿಗಳು ಆ ಕೆಟ್ಟ ನೀರಿನಿಂದ ಮೇಲಿದ್ದು ಬದುಕಿಕೊಂಡವು. ಗೋರುಬಲೆ ಎಳೆದು ಕುಗ್ಗಿಸಿದ ದಿಬ್ಬಗಳು ಅದರೊಳಗೆ ಮುಳುಗಿ, ಅಲ್ಲಿ ಉಳಿದಿದ್ದ ಸಿಂಪಿಗಳೂ ಸತ್ತವು. ಅಂದರೆ ಬಲೆ ಬಿಟ್ಟುಹೋದ ಸಿಂಪಿಗಳು ಕೂಡ ಬಲೆಯ ಕಾರಣದಿಂದಲೇ ಸತ್ತವೆಂದಾಯಿತು. ಏರುಮಡಿ ಕೆಡಿಸಿದ ಶುಂಠಿ ಮಳೆನೀರಿನಲ್ಲಿ ಕೊಳೆಯುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಚೆಸಪೀಕ್ ಕೊಲ್ಲಿಯ ಕಥೆ ಇನ್ನೂ ದೊಡ್ಡದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಗತ್ತಿನ ಅತಿ ದೊಡ್ಡ ಸಿಂಪಿ ಮೀನುಗಾರಿಕೆಗಳಲ್ಲಿ ಅದೂ ಒಂದಾಗಿತ್ತು. ಗೋರುಬಲೆಯ ಹಡಗುಗಳು ಹಾಸುಗಳನ್ನು ಬಳಿದವು. ತೆಗೆದ ಚಿಪ್ಪು ನೀರಿಗೆ ಮರಳದೆ ರಸ್ತೆಗೂ ಸುಣ್ಣದ ಭಟ್ಟಿಗೂ ಹೋಯಿತು. 1950ರ ದಶಕದಿಂದೀಚೆಗೆ ರೋಗಗಳೂ ಕೂಡಿಕೊಂಡು ಇಂದು ಅಲ್ಲಿ ಹಿಂದಿನ ಸಂಖ್ಯೆಯ ಶೇಕಡಾ ಒಂದೆರಡರಷ್ಟು ಮಾತ್ರ ಉಳಿದಿವೆ. ಹಿಂದಿದ್ದ ಸಿಂಪಿಗಳು ಇಡೀ ಕೊಲ್ಲಿಯ ನೀರನ್ನು ಒಂದು ವಾರದೊಳಗೆ ಸೋಸುತ್ತಿದ್ದವು, ಉಳಿದವಕ್ಕೆ ಹೆಚ್ಚುಕಡಿಮೆ ವರ್ಷವೇ ಬೇಕು ಎಂದು 1988ರಲ್ಲಿ ಒಂದು ಅಂದಾಜು ಪ್ರಕಟವಾಯಿತು. ಈಗ ಅಲ್ಲಿನ ಹೋಟೆಲುಗಳಲ್ಲಿ ತಿಂದು ಬಿಟ್ಟ ಚಿಪ್ಪುಗಳನ್ನು ಕೂಡಿಹಾಕಿ, ತೊಳೆದು, ಒಣಗಿಸಿ ಮರಳಿ ಕೊಲ್ಲಿಗೆ ಸುರಿಯುತ್ತಿದ್ದಾರೆ. ಒಂದು ಕಾಲಕ್ಕೆ ದುಡ್ಡು ಕೊಟ್ಟು ಹೊರಗೆ ಸಾಗಿಸಿದ್ದನ್ನು ಈಗ ದುಡ್ಡು ಕೊಟ್ಟು ಒಳಗೆ ಹಾಕುವ ಪರಿಸ್ಥಿತಿ.

ಸತ್ತ ಚಿಪ್ಪಿನ ಗಣಿಗಾರಿಕೆ

ನಮ್ಮ ಅಳಿವೆಗಳಲ್ಲಿ ಬಳಚು ಹೆಚ್ಚು, ಸಿಂಪಿ ಕಡಿಮೆ. ಅಮೆರಿಕದಂಥ ಸಿಂಪಿ ಹಡಗುಗಳು ಇಲ್ಲಿಲ್ಲ. ಇಲ್ಲಿ ಹೆಚ್ಚು ಗಮನ ಕೊಡಬೇಕಾದದ್ದು ಸತ್ತ ಚಿಪ್ಪನ್ನು ಅಗೆಯುವ ಕೆಲಸಕ್ಕೆ. ಶತಮಾನಗಳಿಂದ ಸತ್ತು ಬಿದ್ದ ಚಿಪ್ಪುಗಳು ಅಳಿವೆಯ ತಳದಲ್ಲಿ ಪದರು ಪದರಾಗಿ ಹೂತಿವೆ. ಚಿಪ್ಪಿನಲ್ಲಿ ಶೇಕಡಾ 95ರ ಆಸುಪಾಸು ಕ್ಯಾಲ್ಸಿಯಂ ಕಾರ್ಬೋನೇಟ್ ಇರುವುದರಿಂದ ಸುಣ್ಣದ ಭಟ್ಟಿಗೂ ಕಾರ್ಖಾನೆಗೂ ಇದು ಅಚ್ಚುಮೆಚ್ಚಿನ ಸರಕು. ಕೇರಳದ ವೇಂಬನಾಡು ಸರೋವರದ ತಳದ ಚಿಪ್ಪಿನಿಂದ ಕೊಟ್ಟಾಯಂ ಬಳಿಯ ಕಾರ್ಖಾನೆಯಲ್ಲಿ ಬಿಳಿ ಸಿಮೆಂಟನ್ನೇ ತಯಾರಿಸುತ್ತಿದ್ದರು. ಅಘನಾಶಿನಿಯಲ್ಲೂ ಪರವಾನಗಿ ಪಡೆದು ಚಿಪ್ಪು ಅಗೆದದ್ದಿದೆ.

ಸತ್ತದ್ದನ್ನು ತೆಗೆದರೆ ಯಾರಿಗೇನು ನಷ್ಟ ಎಂದು ಮೇಲುನೋಟಕ್ಕೆ ಅನ್ನಿಸಬಹುದು. ಆದರೆ ಸತ್ತ ಚಿಪ್ಪಿನ ಪದರಿನ ಮೇಲೆಯೇ ಬದುಕಿರುವ ಬಳಚಿನ ಹಾಸು ಇರುತ್ತದೆ. ಕೆಳಗಿನದನ್ನು ಅಗೆಯಲು ಮೇಲಿನದನ್ನು ಎತ್ತಲೇಬೇಕು. ಅಗೆದ ಜಾಗದಲ್ಲಿ ಆಳವಾದ ಗುಂಡಿ ಬಿದ್ದು ಅದರಲ್ಲಿ ನುಣುಪು ಕೆಸರು ತುಂಬುತ್ತದೆ. ಮರಳು ಮತ್ತು ಚಿಪ್ಪಿನ ಚೂರು ಬೆರೆತ ಒರಟು ತಳವನ್ನು ಬಯಸುವ ಬಳಚು ಆ ಲೋಳೆ ಕೆಸರಿಗೆ ಬರುವುದಿಲ್ಲ. ಇಳಿತದ ಹೊತ್ತಿಗೆ ಕಾಲಿಟ್ಟು ಆರಿಸುತ್ತಿದ್ದ ಹೆಂಗಸರಿಗೆ ಆಮೇಲೆ ಅಲ್ಲಿ ಕಾಲೂರಲು ನೆಲವಿಲ್ಲ.

ಕಾಗದಪತ್ರಗಳಲ್ಲಿ ಇನ್ನೊಂದು ತೊಡಕಿದೆ. ಕಾನೂನಿನ ಪ್ರಕಾರ ಸುಣ್ಣ ಸುಡಲು ಬಳಸುವ ಚಿಪ್ಪು ಉಪಖನಿಜ. ಅದು ಗಣಿ ಇಲಾಖೆಯ ವ್ಯಾಪ್ತಿಯದು. ಅದೇ ಚಿಪ್ಪಿನೊಳಗೆ ಜೀವ ಇದ್ದಾಗ ಅದು ಮೀನುಗಾರಿಕೆಗೆ ಸೇರುತ್ತದೆ. ಬೀಜ, ಬೆಳೆ ಒಂದು ಕಚೇರಿಗೆ, ಹೊಲ ಇನ್ನೊಂದು ಕಚೇರಿಗೆ ಎಂದು ಹಂಚಿದರೆ ಬೇಸಾಯ ಹೇಗಾದೀತು? ಪರವಾನಗಿ ಕೊಡುವ ಮುನ್ನ ಆ ಜಾಗದಲ್ಲಿ ಬದುಕಿರುವ ಹಾಸು ಎಷ್ಟಿದೆ ಎಂದು ನೋಡಿ ಗುರುತು ಹಾಕುವ ಕ್ರಮ ಕಡ್ಡಾಯವಾಗದ ಹೊರತು ಈ ತೊಡಕು ಬಿಡುವುದಿಲ್ಲ.

ನೀರಿನ ಪಾತ್ರ

ಎಲ್ಲ ನಷ್ಟವನ್ನೂ ಚಿಪ್ಪು ತೆಗೆಯುವವರ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅಳಿವೆಯಲ್ಲಿ ಅದು ಋತುವಿಗೆ ತಕ್ಕಂತೆ ಏರಿಳಿಯುತ್ತದೆ. ಮಳೆಗಾಲದಲ್ಲಿ ಹೊಳೆ ತುಂಬಿ ಬಂದಾಗ ಉಪ್ಪು ಇಲ್ಲವೆನ್ನುವಷ್ಟಾಗಿ ಲೆಕ್ಕವಿಲ್ಲದಷ್ಟು ಚಿಪ್ಪುಜೀವಿಗಳು ಸಾಯುತ್ತವೆ. ಮಳೆ ನಿಂತು ಉಪ್ಪು ಏರಿದ ಮೇಲೆ ಹೊಸ ಮರಿಗಳು ನೆಲೆಯೂರುತ್ತವೆ. ಈ ಏರಿಳಿತಕ್ಕೆ ಹೊಂದಿಕೊಂಡೇ ಅವುಗಳ ಬಾಳು ಸಾಗಿದೆ.

ಶಿವಮೊಗ್ಗ ಜಿಲ್ಲೆಯ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣವಾದ ಮೇಲೆ ಶರಾವತಿಯಲ್ಲಿ ಈ ಕ್ರಮ ತಪ್ಪಿತು. ವಿದ್ಯುತ್ ಉತ್ಪಾದನೆಗಾಗಿ ಬೇಸಗೆಯಲ್ಲೂ ಸಿಹಿನೀರು ಕೆಳಗೆ ಹರಿಯುವುದರಿಂದ ಹೊನ್ನಾವರದ ಅಳಿವೆಯಲ್ಲಿ ಉಪ್ಪು ಏರುವುದೇ ಕಡಿಮೆಯಾಯಿತು. ಉಪ್ಪು ಬೇಡುವ ಬಳಚಿನ ಜಾತಿಗಳು ಹಿಂದೆಗೆದು, ಸಿಹಿನೀರನ್ನು ಸಹಿಸುವ ಜಾತಿ ಉಳಿದುಕೊಂಡದ್ದನ್ನು ಭಾರತೀಯ ವಿಜ್ಞಾನ ಸಂಸ್ಥೆಯವರೇ ದಾಖಲಿಸಿದ್ದಾರೆ. ಪಕ್ಕಪಕ್ಕದ ಎರಡು ನದಿಗಳಲ್ಲಿ ಒಂದಕ್ಕೆ ಅಣೆಕಟ್ಟು, ಇನ್ನೊಂದಕ್ಕೆ ಇಲ್ಲ. ಎರಡು ಅಳಿವೆಗಳನ್ನೂ ನೋಡಿಬಂದ ವಿಸ್ತರಣಾ ಕಾರ್ಯಕರ್ತರಿಗೆ ಬೇರೆ ಪಾಠ ಬೇಕಾಗಿಲ್ಲ. ಅಘನಾಶಿನಿಯ ದಂಡೆಯ ಗಜನಿ ಭೂಮಿಯಲ್ಲಿ ಇಂದಿಗೂ ಕೆಲವರು ಬೆಳೆಯುವ ಕಗ್ಗ ಭತ್ತವೂ ಇದೇ ಉಪ್ಪು ಸಿಹಿಯ ಲೆಕ್ಕಾಚಾರವನ್ನೇ ನಂಬಿ ನಿಂತ ಬೆಳೆ.

ಹೊಳೆಹೊನ್ನೂರಿನವರಿಗೆ ಹತ್ತಿರದ ಉದಾಹರಣೆಯೂ ಇದೆ. ತುಂಗಾ ಭದ್ರಾ ಹೊಳೆಗಳ ಮರಳಿನಲ್ಲಿ ಮಕ್ಕಳು ಆಟಕ್ಕೆ ಹೆಕ್ಕುವ ಕಪ್ಪೆಚಿಪ್ಪು ಅಳಿವೆಯ ಬಳಚಿನ ದೂರದ ನೆಂಟ. ಇದರ ಮರಿ ಹುಟ್ಟಿದ ಮೇಲೆ ಕೆಲವು ದಿನ ಮೀನಿನ ಕಿವಿರಿಗೋ ರೆಕ್ಕೆಗೋ ಕಚ್ಚಿಕೊಂಡು ಬೆಳೆದು ಆಮೇಲೆ ಮರಳಿಗೆ ಬೀಳುತ್ತದೆ. ಮೀನಿಲ್ಲದೆ ಈ ಚಿಪ್ಪಿಲ್ಲ. ಯಂತ್ರ ಇಳಿಸಿ ಮರಳನ್ನು ಬುಡಮಟ್ಟ ಎತ್ತಿದ ಹೊಳೆಯಲ್ಲಿ ಬೀಳಲು ಮರಳೇ ಇರುವುದಿಲ್ಲ. ಗೋರುಬಲೆ ಕಡಲ ಕಡೆಯ ವಿಷಯ ಎಂದು ಕೈಬಿಡುವ ಹಾಗಿಲ್ಲ.

ಅಷ್ಟಮುಡಿಯ ಅನುಭವ

ನಿಯಮ ಹಾಕಿದರೆ ಬಡವರ ಹೊಟ್ಟೆಯ ಮೇಲೆ ಹೊಡೆದಂತೆ ಎಂಬ ಮಾತು ಕೇಳಿಬರುತ್ತದೆ. ಕೊಲ್ಲಂ ಬಳಿಯ ಅಷ್ಟಮುಡಿ ಸರೋವರದ ಉದಾಹರಣೆ ಇದಕ್ಕೆ ಉತ್ತರ ಕೊಡುತ್ತದೆ. 1980ರ ದಶಕದಲ್ಲಿ ಅಲ್ಲಿಂದ ಬಳಚಿನ ಮಾಂಸದ ರಫ್ತು ಆರಂಭವಾಗಿ, 1990ರ ದಶಕದ ಮೊದಲಿಗೆ ವರ್ಷದ ಇಳುವರಿ 10 ಸಾವಿರ ಟನ್ನಿಗೆ ಏರಿ, ಅಷ್ಟೇ ಬೇಗ ಕುಸಿಯಿತು. ಆಗ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಸಲಹೆಯಂತೆ ಮೂರು ಕ್ರಮಗಳು ಜಾರಿಗೆ ಬಂದವು. ಮರಿ ಮಾಡುವ ಕಾಲವಾದ ಡಿಸೆಂಬರಿನಿಂದ ಫೆಬ್ರವರಿಯವರೆಗೆ ಕೊಯ್ಲು ನಿಲ್ಲಿಸುವುದು, ಬಲೆಯ ಕಣ್ಣು 30 ಮಿಲಿಮೀಟರಿಗಿಂತ ಸಣ್ಣದಿರಬಾರದು, ಕಿಲೋಗೆ 1,400ಕ್ಕಿಂತ ಹೆಚ್ಚು ತುಂಡು ತೂಗುವಷ್ಟು ಸಣ್ಣ ಮಾಂಸವನ್ನು ರಫ್ತಿಗೆ ಕೊಳ್ಳಬಾರದು. ಮೂರನೆಯ ಕ್ರಮವೇ ಹೆಚ್ಚು ಪರಿಣಾಮಕಾರಿ ಎನ್ನಬೇಕು, ಏಕೆಂದರೆ ಅದು ಆರಿಸುವವನ ಬದಲು ಕೊಳ್ಳುವವನನ್ನು ಕಟ್ಟಿಹಾಕುತ್ತದೆ. ಆ ಮೀನುಗಾರಿಕೆಗೆ 2014ರಲ್ಲಿ ಅಂತರರಾಷ್ಟ್ರೀಯ ಸುಸ್ಥಿರತೆಯ ಪ್ರಮಾಣಪತ್ರ ದೊರೆಯಿತು. ಭಾರತದಲ್ಲಿ ಅದನ್ನು ಪಡೆದ ಮೊದಲ ಮೀನುಗಾರಿಕೆ ಅದು.

ಆದರೆ ಅಷ್ಟಕ್ಕೆ ಕಥೆ ಮುಗಿಯಲಿಲ್ಲ. ಮುಂದಿನ ವರ್ಷಗಳಲ್ಲಿ ನೀರಿನ ಮಾಲಿನ್ಯ ಹೆಚ್ಚಿತು. ಹೊರದೇಶದಿಂದ ಬಂದ ಒಂದು ಜಾತಿಯ ನೀಲಿಕಲ್ಲು ತಳವನ್ನೆಲ್ಲ ಆವರಿಸಿತು. ಇಳುವರಿ ಒಂದು ಸಾವಿರ ಟನ್ನಿಗಿಂತಲೂ ಕೆಳಗಿಳಿದು, ಮೊಟ್ಟೆಮನೆಯಲ್ಲಿ ಬೆಳೆಸಿದ 30 ಲಕ್ಷ ಮರಿಗಳನ್ನು 2024ರಲ್ಲಿ ಸರೋವರಕ್ಕೆ ಬಿಡಬೇಕಾಯಿತು. ಕೊಯ್ಲಿನ ಶಿಸ್ತು ಇಲ್ಲದಿದ್ದರೆ ಮೀನುಗಾರಿಕೆ ಕೆಡುತ್ತದೆ. ಶಿಸ್ತು ಇದ್ದರೂ ನೀರು ಕೆಟ್ಟರೆ ಅದು ಉಳಿಯುವುದಿಲ್ಲ.

ಸುಣ್ಣ ಕೊಳ್ಳುವ ರೈತರು ಗಮನಿಸಬೇಕಾದದ್ದು

ಬೋರ್ಡೋ ದ್ರಾವಣಕ್ಕೆ ಬೇಕಾದದ್ದು ಹೊಸದಾಗಿ ಸುಟ್ಟ, ಶುದ್ಧವಾದ, ಗಾಳಿಗೆ ಹುಡಿಯಾಗದ ಸುಣ್ಣ. ಅದು ಚಿಪ್ಪಿನದೇ ಆಗಬೇಕೆಂಬ ನಿಯಮವೇನೂ ಇಲ್ಲ. ಒಳ್ಳೆಯ ಕಲ್ಲುಸುಣ್ಣವೂ ನಡೆಯುತ್ತದೆ. ತಯಾರಾದ ದ್ರಾವಣದಲ್ಲಿ ಹೊಳಪುಳ್ಳ ಕಬ್ಬಿಣದ ಚಾಕುವನ್ನು ಸ್ವಲ್ಪ ಹೊತ್ತು ಅದ್ದಿ ನೋಡಿ, ಕೆಂಪು ತಾಮ್ರದ ಲೇಪ ಕೂತರೆ ಇನ್ನಷ್ಟು ಸುಣ್ಣದ ತಿಳಿ ಸೇರಿಸಬೇಕು. ಸುಣ್ಣ ಯಾವುದೇ ಇರಲಿ, ಈ ಪರೀಕ್ಷೆ ಒಂದೇ.

ಹುಳಿಮಣ್ಣಿನ ಸುಧಾರಣೆಗೆ ಚಿಪ್ಪುಸುಣ್ಣ ಬಳಸುವುದಂತೂ ದುಂದು. ನೂರು ಕಿಲೋ ಚಿಪ್ಪು ಸುಟ್ಟರೆ ಹೆಚ್ಚೆಂದರೆ 56 ಕಿಲೋ ಸುಣ್ಣ ಬರುತ್ತದೆ. ಉಳಿದ 44 ಕಿಲೋ ಇಂಗಾಲಾಮ್ಲವಾಗಿ ಹೊಗೆಯ ಜೊತೆ ಹೋಗುತ್ತದೆ, ಸೌದೆಯ ಖರ್ಚು ಬೇರೆ. ಮಣ್ಣು ಪರೀಕ್ಷೆ ಮಾಡಿಸಿ, ಶಿಫಾರಸಿನಷ್ಟು ಗಣಿಯ ಸುಣ್ಣಕಲ್ಲಿನ ಹುಡಿ ಅಥವಾ ಡಾಲೊಮೈಟ್ ಹಾಕಿದರೆ ಕೆಲಸ ಆಗುತ್ತದೆ. ಇನ್ನು ಚಿಪ್ಪುಸುಣ್ಣವೇ ಬೇಕೆನ್ನುವವರು ಅಂಗಡಿಯಲ್ಲಿ ಒಂದು ಮಾತು ಕೇಳಬಹುದು: ಇದು ಮಾಂಸ ಬಿಡಿಸಿದ ಮೇಲೆ ಉಳಿದ ಚಿಪ್ಪಿನದೋ, ತಳ ಅಗೆದು ತೆಗೆದದ್ದೋ? ಮೊದಲ ಬಗೆಯದು ಊಟದ ಉಳಿಕೆ. ಎರಡನೆಯದು ಹೊಲ ಮಾರಿದ ಹಣ. ಅಂಗಡಿಯವನಿಗೆ ಮೊದಲ ಸಲ ಉತ್ತರ ಗೊತ್ತಿರಲಾರದು. ಹತ್ತು ಜನ ಕೇಳಿದ ಮೇಲೆ ಅವನೂ ಭಟ್ಟಿಯವನನ್ನು ಕೇಳಿಯಾನು.

ಸಿಂಪಿ ಕೃಷಿ

ಕಾಡಿನಿಂದ ತರುವುದಕ್ಕೂ ತೋಟದಲ್ಲಿ ಬೆಳೆಯುವುದಕ್ಕೂ ಇರುವ ವ್ಯತ್ಯಾಸ ಇಲ್ಲಿಯೂ ಸಾಧ್ಯ. 1970ರ ದಶಕದಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ತೂತುಕುಡಿಯಲ್ಲಿ ಸಿಂಪಿ ಬೆಳೆಸುವ ಕ್ರಮವನ್ನು ರೂಪಿಸಿದರು. ಅಷ್ಟಮುಡಿಯಂಥ ಹಿನ್ನೀರುಗಳಲ್ಲಿ ಅದನ್ನು ಮಹಿಳೆಯರ ಗುಂಪುಗಳೂ ಕೈಗೊಂಡಿವೆ. ಅಳಿವೆಯ ಆಳವಿಲ್ಲದ ಜಾಗದಲ್ಲಿ ಗಳಗಳನ್ನು ನೆಟ್ಟು ಚಪ್ಪರ ಕಟ್ಟುತ್ತಾರೆ. ಐದಾರು ಖಾಲಿ ಸಿಂಪಿ ಚಿಪ್ಪುಗಳನ್ನು ತೂತು ಮಾಡಿ, ಗೇಣು ಗೇಣಿಗೊಂದರಂತೆ ನೈಲಾನ್ ಹಗ್ಗಕ್ಕೆ ಪೋಣಿಸಿ, ಅಂಥ ಸರಗಳನ್ನು ಚಪ್ಪರದಿಂದ ನೀರಿಗೆ ಇಳಿಬಿಡುತ್ತಾರೆ. ತೇಲಾಡುವ ಮರಿಗಳು ಆ ಚಿಪ್ಪುಗಳಿಗೇ ಬಂದು ಅಂಟಿಕೊಳ್ಳುತ್ತವೆ. ಬೀಜ ಕೊಳ್ಳುವ ಖರ್ಚಿಲ್ಲ, ಮೇವಿಲ್ಲ, ಗೊಬ್ಬರವಿಲ್ಲ. ತಳವನ್ನು ಮುಟ್ಟುವ ಪ್ರಮೇಯವೂ ಇಲ್ಲ. ಕೊಯ್ಲೆಂದರೆ ಸರವನ್ನು ಮೇಲೆತ್ತುವುದು ಅಷ್ಟೆ. ನೀರು ಶುದ್ಧವಿರುವ ಜಾಗವನ್ನೇ ಆರಿಸಬೇಕು, ಏಕೆಂದರೆ ಸೋಸುವ ಜೀವಿ ಕೊಳೆಯನ್ನೂ ಸೋಸಿ ಒಳಗಿಟ್ಟುಕೊಳ್ಳುತ್ತದೆ. ಮಾರುವ ಮುನ್ನ ಒಂದು ದಿನ ಶುದ್ಧ ಉಪ್ಪುನೀರಿನಲ್ಲಿ ಬಿಡುವುದು ಅಗತ್ಯ. ಚಿಪ್ಪಿನ ತೂಕವೇ ಹೆಚ್ಚಾಗಿ ಮಾಂಸ ಹತ್ತಕ್ಕೆ ಒಂದು ಪಾಲಿನಷ್ಟೂ ದೊರೆಯದಿರಬಹುದು ಎಂಬುದನ್ನು ಲೆಕ್ಕ ಹಾಕುವವರು ಮರೆಯಬಾರದು. ಮಿಕ್ಕ ಚಿಪ್ಪಿನಲ್ಲಿ ಒಂದಷ್ಟನ್ನು ಮುಂದಿನ ವರ್ಷದ ಸರಕ್ಕೆ ಎತ್ತಿಟ್ಟು ಉಳಿದದ್ದನ್ನು ಭಟ್ಟಿಗೆ ಮಾರಿಕೊಳ್ಳಬಹುದು.

ಈ ಬಗ್ಗೆ ಆಸಕ್ತಿಯುಳ್ಳ ಕರಾವಳಿಯ ರೈತರು ಮತ್ತು ಮಹಿಳಾ ಸಂಘಗಳು ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯದಲ್ಲಿ ವಿಚಾರಿಸಬಹುದು. ಸರ ಇಳಿಬಿಡುವ ಕಾಲ ಬಹಳ ಮುಖ್ಯ. ಮಳೆ ನಿಂತು, ಹೊಳೆಯ ಕೆಂಪುನೀರು ಇಳಿದು, ಉಪ್ಪು ಏರತೊಡಗಿದ ಮೇಲೆ, ಅಂದರೆ ಹೊಳೆಹೊನ್ನೂರಿನ ಗದ್ದೆಗಳಲ್ಲಿ ಮುಂಗಾರಿ ಭತ್ತದ ಕೊಯ್ಲು ನಡೆಯುವ ನವೆಂಬರ್ ಡಿಸೆಂಬರ್ ಹೊತ್ತಿಗೆ ಚಿಪ್ಪುಗಳು ನೀರಿನಲ್ಲಿರಬೇಕು. ಬೇಗ ಇಳಿಸಿದರೆ ಚಿಪ್ಪಿಗೆ ಕೆಸರು, ಪಾಚಿ ಹತ್ತಿ ಮರಿ ಕೂರುವುದಿಲ್ಲ. ಏಳೆಂಟು ತಿಂಗಳು ಬೇಕಾಗುವ ಬೆಳೆಯಾದ್ದರಿಂದ ತಡಮಾಡಿದರೂ ನಷ್ಟ. ಮುಂಗಾರು ಮುರಿದು ಬಿದ್ದು ನೀರು ಸಿಹಿಯಾಗುವ ಮೊದಲೇ ಸರಗಳನ್ನು ದಡಕ್ಕೆ ತರಬೇಕಾಗುತ್ತದೆ.